ವ್ಯಕ್ತಿಗೆ ತಕ್ಕ ಪ್ರಚೋದನೆ: ಮುಪ್ಪಿನ ಮಿದುಳಿನ ಚಿಕಿತ್ಸೆಯ ಬಗೆಗೆ ಒಂದು ವಿಮರ್ಶೆ

೧

ಮುಪ್ಪಿನಲ್ಲಿ ತಲೆದೋರುವ ಮರೆವು, ಖಿನ್ನತೆ ಮೊದಲಾದ ಬೇನೆಗಳಿಗೆ ತಲೆಬುರುಡೆಯನ್ನು ತೆರೆಯದೆ, ಹೊರಗಿನಿಂದಲೇ ವಿದ್ಯುತ್ತನ್ನೋ ಕಾಂತಶಕ್ತಿಯನ್ನೋ ಹಾಯಿಸಿ ಚಿಕಿತ್ಸೆ ಮಾಡುವ ಪ್ರಯತ್ನವು ಕಳೆದ ಕೆಲವು ದಶಕಗಳಲ್ಲಿ ಬಹುವಾಗಿ ಬೆಳೆದಿದೆ. ಇದನ್ನು ಶಸ್ತ್ರರಹಿತ ಮಿದುಳಿನ ಪ್ರಚೋದನೆ ಎಂದು ಕರೆಯಬಹುದು. ಈಚೆಗೆ ಇದರ ಪ್ರತಿಪಾದಕರು ಹೊಸದೊಂದು ಮಾತನ್ನು ಮುಂದಿಟ್ಟಿದ್ದಾರೆ. ಎಲ್ಲರಿಗೂ ಒಂದೇ ಅಳತೆಯ ಪ್ರಚೋದನೆ ಸಲ್ಲದು. ಪ್ರತಿಯೊಬ್ಬ ರೋಗಿಯ ಮಿದುಳನ್ನು ಅಳೆದು, ಅವನಿಗೆ ತಕ್ಕ ಸ್ಥಾನ, ತಕ್ಕ ಪ್ರಮಾಣ, ತಕ್ಕ ಲಯ ಇವುಗಳನ್ನು ಗೊತ್ತುಮಾಡಬೇಕು ಎಂಬುದೇ ಆ ಮಾತು. ಇದನ್ನು ನಾವು ಕನ್ನಡದಲ್ಲಿ ವೈಯಕ್ತೀಕರಣ ಎನ್ನೋಣ. ಈ ಮಾತು ಎಷ್ಟರಮಟ್ಟಿಗೆ ಸಾಧಾರವಾದುದು, ಅದರಲ್ಲಿ ಬರುವ 'ವ್ಯಕ್ತಿ' ಯಾರು ಎಂಬುದನ್ನು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಾದ ನಮಗೆ ವೈದ್ಯಶಾಸ್ತ್ರದ ಗೊಡವೆ ಏಕೆ ಎಂದು ವಾಚಕರು ಕೇಳುವುದು ಸಹಜ. ಯಂತ್ರದ ಗುಣದೋಷಗಳನ್ನು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಆದರೆ ಒಂದು ಪ್ರತಿಪಾದನೆಯು ಯಾವ ಆಧಾರದ ಮೇಲೆ ನಿಂತಿದೆ, ಆ ಆಧಾರ ಎಲ್ಲಿ, ಯಾರ ನಡುವೆ, ಯಾವ ಸಂದರ್ಭದಲ್ಲಿ ಹುಟ್ಟಿತು, ಅದರಿಂದ ಎಷ್ಟನ್ನು ಹೇಳಬಹುದು, ಎಷ್ಟನ್ನು ಹೇಳಲಾಗದು ಎಂದು ಕೇಳುವುದು ಇತಿಹಾಸಕಾರನ ನಿತ್ಯದ ಕೆಲಸ. ಶಾಸನವೊಂದನ್ನು ಓದುವಾಗ ಕೇಳುವ ಪ್ರಶ್ನೆಗಳನ್ನೇ ವೈದ್ಯಕೀಯ ಪ್ರಯೋಗದ ವರದಿಯೊಂದನ್ನು ಓದುವಾಗಲೂ ಕೇಳಬಹುದು.

ಇದಕ್ಕೆ ಹತ್ತಿರದ ಕಾರಣವೂ ಒಂದುಂಟು. ನಾವು ವಾಸವಾಗಿರುವ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಉಳಿದಿರುವ ಮನೆಗಳು ಹಲವಿವೆ. ನಮ್ಮ ನೆರೆಯ ನಿವೃತ್ತ ಅಧ್ಯಾಪಕರೊಬ್ಬರ ಪತ್ನಿಗೆ ಎರಡು ವರ್ಷಗಳಿಂದ ಮರೆವು ಹೆಚ್ಚುತ್ತಿದೆ. ಪರದೇಶದಲ್ಲಿರುವ ಅವರ ಮಗ ಒಂದು ವರದಿಯನ್ನು ಕಳುಹಿಸಿ, ತಾಯಿಯ ಮಿದುಳಿಗೇ ಹೊಂದಿಸಿ ಮಾಡುವ ಚಿಕಿತ್ಸೆ ಬಂದಿದೆಯೆಂದು ತಿಳಿಸಿದ್ದನು. ಆ ಹಿರಿಯರು ವರದಿಯನ್ನು ನಮ್ಮ ಕೈಗಿತ್ತು, "ಇದನ್ನು ನಂಬಿ ಹೊರಡಬಹುದೆ?" ಎಂದು ಕೇಳಿದರು. ಆ ಪ್ರಶ್ನೆಗೆ ಕೂಡಲೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಮುಂದಿನ ವಿಚಾರಗಳೆಲ್ಲ ಆ ಪ್ರಶ್ನೆಯಿಂದ ಹೊರಟವು.

೨

ಮೊದಲು ಪದ್ಧತಿಗಳ ಸ್ವರೂಪವನ್ನು ಸಂಕ್ಷೇಪವಾಗಿ ನೋಡಬೇಕು. ಇವುಗಳಲ್ಲಿ ಅತ್ಯಂತ ಹಳೆಯದು ವಿದ್ಯುತ್ತಿನಿಂದ ಸೆಳವನ್ನುಂಟುಮಾಡುವ ಚಿಕಿತ್ಸೆ, ಅಂದರೆ ಇ.ಸಿ.ಟಿ. ಇದನ್ನು ೧೯೩೮ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಮೊದಲು ಪ್ರಯೋಗಿಸಿದರು. ಎರಡನೆಯದು ಕಾಂತಶಕ್ತಿಯ ಪ್ರಚೋದನೆ, ಅಂದರೆ ಟಿ.ಎಂ.ಎಸ್. ಬದಲಾಗುತ್ತಿರುವ ಕಾಂತಕ್ಷೇತ್ರವು ವಿದ್ಯುತ್ತನ್ನು ಪ್ರೇರಿಸುವುದೆಂದು ೧೮೩೧ರಲ್ಲಿ ಫ್ಯಾರಡೆ ತೋರಿಸಿದ ತತ್ತ್ವವೇ ಇದಕ್ಕೆ ಆಧಾರ. ನೆತ್ತಿಯ ಮೇಲೆ ತಂತಿಯ ಸುರುಳಿಯೊಂದನ್ನು ಹಿಡಿದು ಈ ತತ್ತ್ವದಿಂದ ಮಿದುಳನ್ನು ಪ್ರಚೋದಿಸಬಹುದೆಂದು ೧೯೮೫ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದರು. ಮೂರನೆಯದು ಒಂದೆರಡು ಮಿಲಿಆಂಪಿಯರ್‌ಗಳಷ್ಟು ಅತ್ಯಲ್ಪ ವಿದ್ಯುತ್ತನ್ನು ನೆತ್ತಿಯ ಮೂಲಕ ಹರಿಸುವುದು. ಅದು ಒಂದೇ ದಿಕ್ಕಿನಲ್ಲಿ ಹರಿದರೆ ಟಿ.ಡಿ.ಸಿ.ಎಸ್.; ಗೊತ್ತಾದ ಲಯದಲ್ಲಿ ಹಿಂದುಮುಂದಾಗಿ ಹರಿದರೆ ಟಿ.ಎ.ಸಿ.ಎಸ್. ೨೦೦೦ದಲ್ಲಿ ಜರ್ಮನಿಯ ಗಾಟಿಂಗನ್ನಿನಲ್ಲಿ ನಿಟ್ಷೆ ಮತ್ತು ಪೌಲಸ್ ನಡೆಸಿದ ಪ್ರಯೋಗಗಳಿಂದ ಟಿ.ಡಿ.ಸಿ.ಎಸ್. ಕುರಿತ ಇಂದಿನ ಸಂಶೋಧನೆ ಹೊರಟಿತು.

ಮುಪ್ಪು ಈ ಎಲ್ಲ ಪದ್ಧತಿಗಳ ಲೆಕ್ಕಾಚಾರವನ್ನು ಕೆಡಿಸುತ್ತದೆ. ವಯಸ್ಸಾದಂತೆ ಮಿದುಳು ಕುಗ್ಗುತ್ತದೆ. ಬುರುಡೆಗೂ ಮಿದುಳಿಗೂ ನಡುವಣ ತೆರಪಿನಲ್ಲಿ ದ್ರವ ಹೆಚ್ಚುತ್ತದೆ. ಸುರುಳಿಯಿಂದ ದೂರವಾದಷ್ಟೂ ಕಾಂತಶಕ್ತಿ ಬೇಗ ಕ್ಷೀಣಿಸುವುದರಿಂದ, ಮೂವತ್ತರ ತರುಣನ ಮಿದುಳನ್ನು ಮುಟ್ಟುವ ಪ್ರಮಾಣವು ಎಪ್ಪತ್ತೈದರ ಮುದುಕನ ಮಿದುಳನ್ನು ಅಷ್ಟೇ ಬಲದಿಂದ ಮುಟ್ಟಲಾರದು. ನೆತ್ತಿಯ ಮೂಲಕ ಹರಿಸುವ ವಿದ್ಯುತ್ತಿನ ಸ್ಥಿತಿಯೂ ಅಷ್ಟೆ. ಮಿದುಳಿನ ಸುತ್ತಣ ದ್ರವವು ವಿದ್ಯುತ್ತಿಗೆ ಸುಲಭವಾದ ದಾರಿಯಾದುದರಿಂದ, ದ್ರವ ಹೆಚ್ಚಿದಂತೆ ವಿದ್ಯುತ್ತು ಗುರಿಯನ್ನು ಸೇರದೆ ಬದಿಗೆ ಹರಿದುಹೋಗುವ ಸಂಭವ ಹೆಚ್ಚು.

ಪ್ರಮಾಣವನ್ನು ವ್ಯಕ್ತಿಗೆ ಹೊಂದಿಸುವ ಸರಳವಾದ ಕ್ರಮವೊಂದು ಟಿ.ಎಂ.ಎಸ್.ನಲ್ಲಿ ಮೊದಲಿನಿಂದಲೂ ಇದೆ. ಕೈಯ ಚಲನೆಯನ್ನು ಆಳುವ ಮಿದುಳಿನ ಭಾಗದ ಮೇಲೆ ಸುರುಳಿಯನ್ನಿಟ್ಟು, ಹೆಬ್ಬೆರಳು ಅದುರಲು ಬೇಕಾಗುವ ಕನಿಷ್ಠ ಶಕ್ತಿಯನ್ನು ಕಂಡುಕೊಂಡು, ಸಾಮಾನ್ಯವಾಗಿ ಅದರ ಶೇಕಡ ೧೨೦ರಷ್ಟನ್ನು ಚಿಕಿತ್ಸೆಗೆ ಉಪಯೋಗಿಸುತ್ತಾರೆ. ಆದರೆ ಖಿನ್ನತೆಗೆ ಚಿಕಿತ್ಸೆ ಕೊಡುವುದು ಮಿದುಳಿನ ಮುಂಭಾಗಕ್ಕೆ. ಮುಪ್ಪಿನಲ್ಲಿ ಮುಂಭಾಗದ ಕುಗ್ಗುವಿಕೆಯು ಚಲನೆಯ ಭಾಗದ ಕುಗ್ಗುವಿಕೆಗಿಂತ ಹೆಚ್ಚಾಗಿದ್ದರೆ, ಹೆಬ್ಬೆರಳು ಕೊಟ್ಟ ಸಾಕ್ಷ್ಯವು ಹಣೆಯ ಹಿಂದಿನ ಸ್ಥಿತಿಗೆ ಸಲ್ಲದು. ಸ್ಥಾನವನ್ನು ಗೊತ್ತುಮಾಡುವ ಹಳೆಯ ಕ್ರಮವೂ ಒರಟಾದುದೇ. ಹೆಬ್ಬೆರಳು ಅದುರಿದ ಸ್ಥಳದಿಂದ ಐದು ಸೆಂಟಿಮೀಟರು ಮುಂದಕ್ಕೆ ಸರಿದು ಅಲ್ಲಿ ಸುರುಳಿಯನ್ನಿಡುವುದು ಬಹುಕಾಲ ರೂಢಿಯಲ್ಲಿತ್ತು. ಎಲ್ಲರ ತಲೆಯೂ ಒಂದೇ ಅಳತೆಯದಲ್ಲವೆಂಬುದನ್ನು ತಿಳಿಯಲು ಶಾಸ್ತ್ರಜ್ಞಾನವೇನೂ ಬೇಡ.

ಇಷ್ಟರಮಟ್ಟಿಗೆ ವೈಯಕ್ತೀಕರಣದ ವಾದವು ನಿರ್ವಿವಾದವಾದುದು. ದೇಹ ಬದಲಾದರೆ ಪ್ರಮಾಣವೂ ಬದಲಾಗಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ವಿಮರ್ಶೆಗೆ ಅವಕಾಶವಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಪ್ರತಿಯೊಬ್ಬರ ಮಿದುಳನ್ನೂ ಎಂ.ಆರ್.ಐ. ಯಂತ್ರದಲ್ಲಿ ಚಿತ್ರಿಸಿ, ಅದರ ಭಾಗಗಳ ಪರಸ್ಪರ ಸಂಬಂಧವನ್ನು ಗಣಿಸಿ, ಆ ಗಣನೆಯಿಂದ ಗುರಿಯನ್ನು ಆರಿಸಿದರೆ ಫಲ ಇನ್ನೂ ಹೆಚ್ಚುವುದೆಂದು ಹೇಳುವಾಗ ನಾವು ಸಾಕ್ಷ್ಯವನ್ನು ಕೇಳಲೇಬೇಕಾಗುತ್ತದೆ.

೩

ಈ ವಾದದ ಪರವಾಗಿ ಎಲ್ಲರೂ ಮುಂದಿಡುವುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೋಲನ್ ವಿಲಿಯಮ್ಸ್ ಮತ್ತು ಅವರ ಸಂಗಡಿಗರು ರೂಪಿಸಿದ ಕ್ರಮವನ್ನು. ಔಷಧಕ್ಕೆ ಬಗ್ಗದ ಖಿನ್ನತೆಯುಳ್ಳ ೨೯ ಜನರ ಮೇಲೆ ನಡೆದ ಇದರ ಪ್ರಯೋಗವು ೨೦೨೨ರಲ್ಲಿ ಪ್ರಕಟವಾಯಿತು. ಅವರಲ್ಲಿ ೧೪ ಜನರಿಗೆ ನಿಜವಾದ ಚಿಕಿತ್ಸೆ, ೧೫ ಜನರಿಗೆ ತೋರಿಕೆಯ ಚಿಕಿತ್ಸೆ. ನಾಲ್ಕು ವಾರಗಳ ತರುವಾಯ ಖಿನ್ನತೆಯ ಅಂಕವು ಮೊದಲನೆಯ ಗುಂಪಿನಲ್ಲಿ ಸರಾಸರಿ ಶೇಕಡ ೫೨.೫ರಷ್ಟೂ ಎರಡನೆಯ ಗುಂಪಿನಲ್ಲಿ ಶೇಕಡ ೧೧.೧ರಷ್ಟೂ ಇಳಿದಿತ್ತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಈ ಕ್ರಮಕ್ಕೆ ಅನುಮತಿ ನೀಡಿತು. ಈ ಫಲವು ಗಣನೀಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇದು ಯಾವುದರ ಫಲ? ಈ ಕ್ರಮದಲ್ಲಿ ಒಂದಲ್ಲ, ಮೂರು ಹೊಸತುಗಳಿವೆ. ದಿನಕ್ಕೆ ಒಂದು ಸಲವಲ್ಲದೆ ಹತ್ತು ಸಲದಂತೆ ಐದು ದಿನ ಪ್ರಚೋದನೆ ನಡೆಯುತ್ತದೆ. ಒಟ್ಟು ಪ್ರಚೋದನೆಯ ಪ್ರಮಾಣ ಹಿಂದಿನ ಕ್ರಮಗಳಿಗಿಂತ ಬಹಳ ಹೆಚ್ಚು. ಗುರಿಯನ್ನು ವ್ಯಕ್ತಿಯ ಮಿದುಳಿನ ಚಿತ್ರದಿಂದ ಆರಿಸಲಾಗುತ್ತದೆ. ಹೋಲಿಸಿದ್ದು ಇವು ಮೂರೂ ಇರುವ ಚಿಕಿತ್ಸೆಯನ್ನು ಇವೊಂದೂ ಇಲ್ಲದ ತೋರಿಕೆಯ ಚಿಕಿತ್ಸೆಯೊಡನೆ. ಆದುದರಿಂದ ಫಲದಲ್ಲಿ ಎಷ್ಟು ಪಾಲು ವೈಯಕ್ತೀಕರಣದ್ದು, ಎಷ್ಟು ಪಾಲು ಪುನರಾವೃತ್ತಿಯದು ಎಂಬುದನ್ನು ಈ ಪ್ರಯೋಗದಿಂದ ತಿಳಿಯುವುದು ಶಕ್ಯವಿಲ್ಲ. ಒಂದು ರಾಜ್ಯ ಪತನವಾದಾಗ ಬರಗಾಲ, ಅಂತಃಕಲಹ, ಹೊರಗಿನ ದಾಳಿ ಮೂರೂ ಒಟ್ಟಿಗೆ ಬಂದಿದ್ದರೆ, ಅವುಗಳಲ್ಲಿ ಒಂದನ್ನೇ ಕಾರಣವೆಂದು ಸಾರುವ ವಿದ್ಯಾರ್ಥಿಗೆ ನಾವು ಪೂರ್ಣಾಂಕ ಕೊಡುವುದಿಲ್ಲ. ಇಲ್ಲಿಯೂ ಅದೇ ನಿಯಮ ಸಲ್ಲಬೇಕು.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನಲ್ಲಿ ರಿಚರ್ಡ್ ಮಾರಿಸ್ ಮೊದಲಾದವರು ನಡೆಸಿ ೨೦೨೪ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಟ್ಟು ನೋಡಬೇಕು. ಅಲ್ಲಿ ೨೫೫ ರೋಗಿಗಳಿದ್ದರು. ಒಂದು ಗುಂಪಿಗೆ ಮಿದುಳಿನ ಭಾಗಗಳ ಸಂಬಂಧವನ್ನು ಗಣಿಸಿ ಆರಿಸಿದ ಗುರಿ. ಇನ್ನೊಂದಕ್ಕೆ ಮಿದುಳಿನ ರಚನೆಯ ಚಿತ್ರದಿಂದಷ್ಟೆ ಆರಿಸಿದ ಗುರಿ. ೨೬ ವಾರಗಳವರೆಗೆ ನೋಡಿದರೂ ಎರಡು ಗುಂಪುಗಳ ನಡುವೆ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪುಗಳು ಸುಧಾರಿಸಿದವು. ಈ ಸಾಕ್ಷ್ಯದ ಮಿತಿಯನ್ನೂ ಹೇಳಬೇಕು. ಎರಡು ಗುಂಪುಗಳಿಗೂ ಮಿದುಳಿನ ಚಿತ್ರವನ್ನು ತೆಗೆಯಲಾಗಿತ್ತು. ಪ್ರಚೋದನೆಯ ಬಗೆಯೂ ಎರಡರಲ್ಲಿ ಬೇರೆಯಾಗಿತ್ತು. ತೋರಿಕೆಯ ಚಿಕಿತ್ಸೆಯ ಗುಂಪು ಇರಲಿಲ್ಲ. ಆದುದರಿಂದ ವೈಯಕ್ತೀಕರಣವೇ ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ಗಣನೆ ಸೂಕ್ಷ್ಮವಾದಷ್ಟೂ ಗುಣ ಹೆಚ್ಚುವುದೆಂಬ ನಂಬಿಕೆಗೆ ಇದು ಆಧಾರ ಕೊಡಲಿಲ್ಲವೆಂದಷ್ಟೇ ಹೇಳಬಹುದು.

ಮುಪ್ಪಿಗೆ ನೇರವಾಗಿ ಸಂಬಂಧಿಸಿದ ಪ್ರಯೋಗಗಳಲ್ಲಿ ಮೂರು ಗಮನಾರ್ಹ. ೨೦೧೯ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ರೈನ್‌ಹಾರ್ಟ್ ಮತ್ತು ನ್ಗುಯೆನ್ ಇವರು ೬೦ರಿಂದ ೭೬ ವಯಸ್ಸಿನ ೪೨ ಜನರ ಮಿದುಳಿಗೆ, ಅವರವರ ಸ್ವಂತ ಲಯಕ್ಕೆ ಹೊಂದಿಸಿದ ವಿದ್ಯುತ್ತನ್ನು ೨೫ ನಿಮಿಷ ಹರಿಸಿ, ಅವರ ತಾತ್ಕಾಲಿಕ ಸ್ಮೃತಿಯು ತರುಣರ ಸ್ಮೃತಿಗೆ ಸಮೀಪವಾದುದನ್ನು ಕಂಡರು. ೨೦೨೨ರಲ್ಲಿ ಅದೇ ಪ್ರಯೋಗಶಾಲೆಯವರು ೬೫ರಿಂದ ೮೮ ವಯಸ್ಸಿನ ೧೫೦ ಜನರಲ್ಲಿ ಮತ್ತೊಂದು ಸಂಶೋಧನೆಯನ್ನು ಪ್ರಕಟಿಸಿದರು. ದಿನಕ್ಕೆ ೨೦ ನಿಮಿಷದಂತೆ ನಾಲ್ಕು ದಿನ ನಡೆದ ಪ್ರಚೋದನೆಯ ಫಲ ಒಂದು ತಿಂಗಳವರೆಗೂ ನಿಂತಿತು. ಈ ಎರಡನೆಯ ಸಂಶೋಧನೆಯಲ್ಲಿ ಲಯವನ್ನು ವ್ಯಕ್ತಿವ್ಯಕ್ತಿಗೆ ಹೊಂದಿಸಿರಲಿಲ್ಲ. ಒಂದು ಗುಂಪಿನವರಿಗೆಲ್ಲ ಒಂದೇ ಲಯ. ವೈಯಕ್ತೀಕರಣದ ಪಕ್ಷದವರು ಮೊದಲನೆಯದನ್ನು ಉದಾಹರಿಸುವಾಗ ಎರಡನೆಯದನ್ನೂ ಅದರ ಪಕ್ಕದಲ್ಲಿಡುವುದು ನ್ಯಾಯ. ಅಲ್ಲದೆ ಎರಡರಲ್ಲಿಯೂ ಭಾಗವಹಿಸಿದವರು ಆರೋಗ್ಯವಂತರಾದ ಹಿರಿಯರೇ ಹೊರತು ಮರೆವಿನ ರೋಗಿಗಳಲ್ಲ. ನಮ್ಮ ನೆರೆಯವರ ಕೈಗೆ ಬಂದ ವರದಿ ಇಂಥ ಪ್ರಯೋಗಗಳನ್ನೇ ಆಧರಿಸಿತ್ತು. ಈ ಭೇದವನ್ನು ಮಾತ್ರ ಅದು ಹೇಳಿರಲಿಲ್ಲ.

ಮೂರನೆಯದು ರೋಮಿನಲ್ಲಿ ಜಾಕೊಮೊ ಕಾಖ್ ಮತ್ತು ಸಂಗಡಿಗರು ಆಲ್‌ಝೈಮರ್ ರೋಗದ ೫೦ ಜನರಲ್ಲಿ ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಟಿ.ಎಂ.ಎಸ್. ಪ್ರಯೋಗ. ಇಲ್ಲಿರುವವರು ನಿಜವಾದ ರೋಗಿಗಳು. ಅವಧಿಯೂ ೨೪ ವಾರ. ಮೊದಲ ಎರಡು ವಾರ ವಾರಕ್ಕೆ ಐದು ದಿನ, ಅನಂತರ ೨೨ ವಾರ ವಾರಕ್ಕೊಮ್ಮೆ ಚಿಕಿತ್ಸೆ. ತೋರಿಕೆಯ ಚಿಕಿತ್ಸೆಯ ಗುಂಪು ಇಳಿಮುಖವಾದಾಗ ನಿಜವಾದ ಚಿಕಿತ್ಸೆಯ ಗುಂಪು ಬಹುಮಟ್ಟಿಗೆ ಇದ್ದಲ್ಲಿಯೇ ಉಳಿಯಿತು. ಮೂರರಲ್ಲಿ ನಮಗೆ ಹೆಚ್ಚು ಭರವಸೆ ಹುಟ್ಟಿಸುವುದು ಇದೇ. ಆದರೂ ೫೦ ಜನರ ಪ್ರಯೋಗದಿಂದ ಒಂದು ದೇಶದ ಚಿಕಿತ್ಸಾಕ್ರಮವನ್ನು ಕಟ್ಟಲಾಗದು.

ಇನ್ನೊಂದು ಕೊರತೆಯನ್ನೂ ಇಲ್ಲಿಯೇ ಹೇಳಬೇಕು. ೨೦೧೮ರಲ್ಲಿ ಕೆನಡಾದಲ್ಲಿ ೪೧೪ ಜನರ ಮೇಲೆ ನಡೆದ ಪ್ರಯೋಗವು ೩೭ ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತಿದ್ದ ಟಿ.ಎಂ.ಎಸ್. ಚಿಕಿತ್ಸೆಯನ್ನು ಮೂರು ನಿಮಿಷಗಳಿಗೆ ಇಳಿಸಬಹುದೆಂದು ತೋರಿಸಿ ಪ್ರಸಿದ್ಧವಾಯಿತು. ಅದರಲ್ಲಿ ಸೇರಿಸಿಕೊಂಡವರ ವಯಸ್ಸು ೧೮ರಿಂದ ೬೫. ಹೀಗೆ ತರುಣರನ್ನೂ ನಡುವಯಸ್ಕರನ್ನೂ ಆಧರಿಸಿ ಕಟ್ಟಿದ ನಿಯಮವನ್ನು ಮೊದಲು ಸ್ಥಾಪಿಸಿ, ಅನಂತರ ವೃದ್ಧರಿಗೆ ಅದನ್ನು 'ಹೊಂದಿಸುವ' ಕ್ರಮವೇ ತಲೆಕೆಳಗಾದುದೆಂದು ನಮಗೆ ತೋರುತ್ತದೆ.

೪

ವ್ಯಕ್ತಿಗೆ ತಕ್ಕಂತೆ ಪ್ರಮಾಣವನ್ನು ಹೊಂದಿಸುವುದು ಇಂದಿನ ಕಂಡುಹಿಡಿತವೆಂದು ವಾಚಕರು ತಿಳಿಯಬಾರದು. ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಪೂರ್ವೇತಿಹಾಸವಿದೆ.

ಬೆಂಗಳೂರಿನ ಹುಚ್ಚಾಸ್ಪತ್ರೆಯೆಂಬ ಹೆಸರನ್ನು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಬದಲಾಯಿಸಲಾಯಿತು. ಮೈಸೂರು ಸಂಸ್ಥಾನದ ಆ ಆಸ್ಪತ್ರೆಯ ಡಾ. ಎಂ. ವಿ. ಗೋವಿಂದಸ್ವಾಮಿಯವರು ಕಾರ್ಡಿಯಜೋಲ್ ಎಂಬ ಔಷಧದಿಂದ ಸೆಳವನ್ನುಂಟುಮಾಡಿ ನಡೆಸಿದ ಚಿಕಿತ್ಸೆಯ ಬಗೆಗೆ ೧೯೩೯ರಲ್ಲಿಯೇ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯ ಬಗೆಗೆ ಅವರೂ ಡಾ. ಬಾಲಕೃಷ್ಣರಾಯರೂ ೧೯೪೪ರಲ್ಲಿ ಅದೇ ಪತ್ರಿಕೆಯಲ್ಲಿ ಬರೆದರು. ಯೂರೋಪಿನಲ್ಲಿ ಹುಟ್ಟಿದ ಹೊಸ ಚಿಕಿತ್ಸೆಯೊಂದು ಕೆಲವೇ ವರ್ಷಗಳಲ್ಲಿ ಬೆಂಗಳೂರನ್ನು ಮುಟ್ಟುತ್ತಿತ್ತೆಂಬುದಕ್ಕೆ ಇವು ಸಾಕ್ಷಿ. ಆ ಎರಡು ಚಿಕಿತ್ಸೆಗಳೂ ತಮ್ಮ ಕಾಲದಲ್ಲಿ ಬಹುದೊಡ್ಡ ಭರವಸೆಗಳಾಗಿದ್ದುವು. ಎರಡೂ ಕಾಲಾಂತರದಲ್ಲಿ ಹಿಂದೆ ಸರಿದುವು. ಪರಿಣತರ ಉತ್ಸಾಹವೂ ಪ್ರಾಮಾಣಿಕತೆಯೂ ಒಂದು ಚಿಕಿತ್ಸೆಯ ಸತ್ಯಕ್ಕೆ ಪ್ರಮಾಣವಾಗಲಾರವೆಂಬ ಪಾಠ ಇದರಲ್ಲಿದೆ.

ಉಳಿದುಬಂದುದು ಇ.ಸಿ.ಟಿ. ಆ ಆಸ್ಪತ್ರೆಯ ಆವರಣದಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಗೋವಿಂದಸ್ವಾಮಿಯವರ ನಿರ್ದೇಶಕತ್ವದಲ್ಲಿ ಆರಂಭವಾಯಿತು; ೧೯೭೪ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ಬಿ. ಎನ್. ಗಂಗಾಧರ ಮೊದಲಾದವರು ೧೯೮೨ರಲ್ಲಿ ಪ್ರಕಟಿಸಿದ ಪ್ರಯೋಗವು ಇ.ಸಿ.ಟಿ.ಯನ್ನು ಖಿನ್ನತೆಯ ಔಷಧದೊಡನೆ, ಯಾರಿಗೆ ಯಾವುದು ಸಂದಿದೆಯೆಂಬುದನ್ನು ಮರೆಮಾಡಿ, ಹೋಲಿಸಿತು. ನಿಷ್ಠುರವಾದ ಹೋಲಿಕೆಯ ಸಂಪ್ರದಾಯ ನಮ್ಮಲ್ಲಿ ಇಲ್ಲದುದಲ್ಲ.

ಇ.ಸಿ.ಟಿ.ಯಲ್ಲಿ ವ್ಯಕ್ತಿಗೆ ತಕ್ಕ ಪ್ರಮಾಣವನ್ನು ಕಂಡುಕೊಳ್ಳುವ ಬಗೆ ಬಹು ಸರಳ. ಸೆಳವು ಬರಲು ಬೇಕಾಗುವ ವಿದ್ಯುತ್ತಿನ ಪ್ರಮಾಣವು ವಯಸ್ಸಿನೊಡನೆ ಏರುತ್ತದೆ. ಮೊದಲ ದಿನ ಅಲ್ಪ ಪ್ರಮಾಣದಿಂದ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಸೆಳವು ಬಂದ ಮೆಟ್ಟಿಲನ್ನು ಆ ವ್ಯಕ್ತಿಯ ಅಳತೆಯೆಂದು ಗುರುತಿಸುತ್ತಾರೆ. ಇದಕ್ಕೆ ಎಂ.ಆರ್.ಐ. ಬೇಡ, ಗಣಕಯಂತ್ರದ ಗಣನೆ ಬೇಡ. ವೃದ್ಧರಲ್ಲಿ ಇದರ ಫಲವೂ ಕಡಮೆಯದಲ್ಲ. ಅಮೆರಿಕದಲ್ಲಿ ೬೦ ವರ್ಷ ಮೀರಿದ, ಖಿನ್ನತೆಯಿಂದ ತೀವ್ರವಾಗಿ ಬಳಲುತ್ತಿದ್ದ ೨೪೦ ಜನರಿಗೆ ಇ.ಸಿ.ಟಿ.ಯನ್ನು ಔಷಧದೊಡನೆ ಕೊಟ್ಟು ೨೦೧೬ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇಕಡ ೬೧.೭ರಷ್ಟು ಜನರು ಖಿನ್ನತೆಯಿಂದ ಹೊರಬಂದರು. ಕೆಲಕಾಲ ನೆನಪಿಗೆ ಅಡ್ಡಿಯಾಗುವುದು ಈ ಚಿಕಿತ್ಸೆಯ ದೋಷ, ಅದನ್ನು ಮುಚ್ಚಿಡಬಾರದು. ಆದರೆ ಹೊಸ ಯಂತ್ರದ ಮುಂದೆ ಹಳೆಯ ಚಿಕಿತ್ಸೆಯನ್ನು ಅನಾಗರಿಕವೆಂದು ತಳ್ಳುವುದೂ ಸರಿಯಲ್ಲ.

ಇ.ಸಿ.ಟಿ.ಯನ್ನು ಮನುಷ್ಯರಿಗೆ ತಕ್ಕಂತೆ ಮಾಡಿದುದು ಯಂತ್ರದ ಸುಧಾರಣೆಯೊಂದೇ ಅಲ್ಲ. ಅರಿವಳಿಕೆಯಿಲ್ಲದೆ ಈ ಚಿಕಿತ್ಸೆ ನಡೆಯುತ್ತಿದ್ದ ಕಾಲವೊಂದಿತ್ತು. ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ೯೫ನೆಯ ಪ್ರಕರಣವು ಅರಿವಳಿಕೆಯೂ ಸ್ನಾಯುಗಳನ್ನು ಸಡಿಲಿಸುವ ಔಷಧವೂ ಇಲ್ಲದ ಇ.ಸಿ.ಟಿ.ಯನ್ನು ನಿಷೇಧಿಸಿತು. ಅದೇ ಕಾಯಿದೆಯ ೫ನೆಯ ಪ್ರಕರಣದಂತೆ, ಮುಂದೆ ತನಗೆ ತಿಳಿವಳಿಕೆ ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಒಬ್ಬ ವ್ಯಕ್ತಿ ಮೊದಲೇ ಬರೆದಿಡಬಹುದು. ಮರೆವಿನ ರೋಗದ ಆರಂಭದಲ್ಲಿರುವವರಿಗೆ ಇದಕ್ಕಿಂತ ಮುಖ್ಯವಾದ ವೈಯಕ್ತೀಕರಣ ಯಾವುದಿದೆ? ಆದರೆ ನಾವು ಓದಿದ ಪ್ರಯೋಗದ ವರದಿಗಳಲ್ಲಿ ವ್ಯಕ್ತಿಯ ಮಿದುಳಿನ ಅಳತೆಗೆ ಪುಟಗಟ್ಟಲೆ ಸ್ಥಳವಿದ್ದರೆ, ವ್ಯಕ್ತಿಯ ಇಚ್ಛೆಗೆ ಸಿಕ್ಕುವುದು ಒಪ್ಪಿಗೆ ಪಡೆಯಲಾಯಿತೆಂಬ ಒಂದು ವಾಕ್ಯ.

ಈ ದೋಷ ಅವರದು ಮಾತ್ರವಲ್ಲ. ನಮ್ಮ ನೆರೆಯವರ ಜಗಲಿಯಲ್ಲಿ ವರದಿಯ ಚರ್ಚೆ ನಡೆದಾಗ ಆ ತಾಯಿಯೂ ಅಲ್ಲಿಯೇ ಕುಳಿತಿದ್ದರು. ಪತಿಯೂ ದೂರವಾಣಿಯಲ್ಲಿ ಮಗನೂ ನಾವೂ ಅವರ ಬಗೆಗೆ ಗಂಟೆಗಟ್ಟಲೆ ಮಾತನಾಡಿದೆವು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮನೆಗೆ ಬಂದ ಮೇಲೆ ನಮಗೆ ಇದು ಹೊಳೆಯಿತು.

೫

ವ್ಯಕ್ತಿಯೆಂದರೆ ಬುರುಡೆಯೊಳಗಿನ ಮಿದುಳಷ್ಟೇ ಅಲ್ಲ. ಅವನ ಭಾಷೆ, ಓದುಬರೆಹ, ಮನೆ, ಊರು ಇವೆಲ್ಲವೂ ಸೇರಿ ವ್ಯಕ್ತಿ. ಇದು ಭಾವುಕತೆಯ ಮಾತಲ್ಲ. ಚಿಕಿತ್ಸೆಯ ಫಲಕ್ಕೆ ನೇರವಾಗಿ ಸಂಬಂಧಿಸಿದ ಮಾತು.

ಮೊದಲನೆಯದಾಗಿ ಅಳತೆಯ ವಿಷಯ. ಮರೆವು ಎಷ್ಟಿದೆ, ಚಿಕಿತ್ಸೆಯಿಂದ ಎಷ್ಟು ಕಡಮೆಯಾಯಿತು ಎಂಬುದನ್ನು ತಿಳಿಯುವುದು ಪ್ರಶ್ನೆಗಳ ಮೂಲಕ. ಇಂದಿನ ದಿನಾಂಕ ಯಾವುದು, ಈ ಪದಗಳನ್ನು ನೆನಪಿಟ್ಟು ಹೇಳಿ, ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ ಎಂಬಂಥ ಪ್ರಶ್ನೆಗಳು ಶಾಲೆಯನ್ನು ಕಂಡವರಿಗೆ ಸುಲಭ. ಶಾಲೆಯ ಮೆಟ್ಟಿಲು ಹತ್ತದ, ಆದರೆ ನೆಂಟರ ನಾಲ್ಕು ತಲೆಮಾರಿನ ಸಂಬಂಧಗಳನ್ನು ತಪ್ಪಿಲ್ಲದೆ ಹೇಳಬಲ್ಲ ಅಜ್ಜಿಯೊಬ್ಬರು ಇಂಥ ಪರೀಕ್ಷೆಯಲ್ಲಿ ಸೋತರೆ, ಅದು ಮಿದುಳಿನ ಸೋಲೋ ಪರೀಕ್ಷೆಯ ಸೋಲೋ? ಅಳತೆಗೋಲೇ ವ್ಯಕ್ತಿಗೆ ಹೊಂದದಿದ್ದರೆ, ಅದರಿಂದ ಅಳೆದು ಹೊಂದಿಸಿದ ಪ್ರಚೋದನೆಯನ್ನು ವೈಯಕ್ತಿಕವೆನ್ನುವುದು ಹೇಗೆ?

ಈ ದೃಷ್ಟಿಯಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದವರು ೨೦೧೮ರಲ್ಲಿ ಕೈಗೊಂಡ ಅಧ್ಯಯನವು ಬಹು ಮಹತ್ತ್ವದ್ದು. ಹಳ್ಳಿಗಳಲ್ಲಿ ವಾಸಿಸುವ, ೪೫ ವರ್ಷ ಮೀರಿದ ಹತ್ತು ಸಾವಿರ ಜನರನ್ನು ವರ್ಷವರ್ಷವೂ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ಸ್ಮೃತಿಯ ಪರೀಕ್ಷೆಗಳನ್ನು ಅಲ್ಲಿಯ ಜನರ ಭಾಷೆಗೂ ಅಕ್ಷರಜ್ಞಾನಕ್ಕೂ ಹೊಂದಿಸಿ ನಡೆಸುತ್ತಾರೆ. ಮಿದುಳಿನ ಚಿತ್ರವನ್ನೂ ತೆಗೆಯುತ್ತಾರೆ. ನಮ್ಮ ಹಳ್ಳಿಯವರ ಮಿದುಳು ಮುಪ್ಪಿನಲ್ಲಿ ಹೇಗೆ ಬದಲಾಗುತ್ತದೆಂಬುದು ಇಂಥ ತಾಳ್ಮೆಯ ಕೆಲಸದಿಂದಲ್ಲದೆ ಬೇರೆ ಬಗೆಯಿಂದ ತಿಳಿಯದು. ಬಾಸ್ಟನ್ನಿನ ಸರಾಸರಿಯಿಂದ ಶ್ರೀನಿವಾಸಪುರದ ವ್ಯಕ್ತಿಯನ್ನು ಅಳೆದರೆ, ಯಂತ್ರ ಎಷ್ಟು ಸೂಕ್ಷ್ಮವಾದರೂ ಅಳತೆ ಎರವಲಿನದೇ ಆಗುತ್ತದೆ.

ಎರಡನೆಯದಾಗಿ ಮನೆಯ ವಿಷಯ. ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಓದಿದ್ದ ಲೇಖಕಿ. ಅವರ 'ಶರಪಂಜರ' ಕಾದಂಬರಿಯ ನಾಯಕಿ ಮಾನಸಿಕ ರೋಗದಿಂದ ಗುಣಹೊಂದಿ ಆಸ್ಪತ್ರೆಯಿಂದ ಹಿಂದಿರುಗುತ್ತಾಳೆ. ಮನೆ ಮಾತ್ರ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ಚಿಕಿತ್ಸೆ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲವೆಂಬುದನ್ನು ಕನ್ನಡದ ಓದುಗರು ಆ ಕಾದಂಬರಿಯಿಂದಲೇ ಬಲ್ಲರು. ಮುಪ್ಪಿನ ರೋಗಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಮೂರನೆಯದಾಗಿ ಊರಿನ ವಿಷಯ. ೨೦೨೩ರಲ್ಲಿ ಪ್ರ‍ಕಟವಾದ ದೇಶವ್ಯಾಪಿ ಅಧ್ಯಯನದಂತೆ ಭಾರತದಲ್ಲಿ ೬೦ ವರ್ಷ ಮೀರಿದವರಲ್ಲಿ ಶೇಕಡ ೭.೪ರಷ್ಟು, ಅಂದರೆ ಸುಮಾರು ೮೮ ಲಕ್ಷ ಜನರಿಗೆ ಮರೆವಿನ ರೋಗವಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅದರ ಪ್ರಮಾಣ ಹೆಚ್ಚು. ರೋಮಿನ ಪ್ರಯೋಗದ ಕ್ರಮವನ್ನು ದಾವಣಗೆರೆಯ ರೋಗಿಯೊಬ್ಬರಿಗೆ ಬೆಂಗಳೂರಿನಲ್ಲಿ ಅನ್ವಯಿಸುವುದೆಂದು ಭಾವಿಸೋಣ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು ೨೬೦ ಕಿಲೋಮೀಟರು. ಎರಡು ವಾರ ಅಲ್ಲಿಯೇ ಬಿಡಾರ ಹೂಡಿದ ಮೇಲೆ, ಮುಂದಿನ ೨೨ ವಾರಗಳ ಪ್ರಯಾಣ ಹೋಗಿಬರುವುದು ಸೇರಿ ಹನ್ನೊಂದು ಸಾವಿರ ಕಿಲೋಮೀಟರನ್ನು ಮೀರುತ್ತದೆ. ತನ್ನ ಬೀದಿಯಲ್ಲೇ ದಾರಿ ತಪ್ಪುವ ವೃದ್ಧೆಯನ್ನು, ತಾನೂ ವೃದ್ಧನಾದ ಪತಿ ಕರೆದೊಯ್ಯಬೇಕು. ಗುರಿಯನ್ನು ಮಿಲಿಮೀಟರಿನ ಲೆಕ್ಕದಲ್ಲಿ ಹೊಂದಿಸುವವರು ಈ ಕಿಲೋಮೀಟರಿನ ಲೆಕ್ಕವನ್ನೂ ಹಾಕಬೇಕಷ್ಟೆ.

ಇದಕ್ಕೆ ಮಾರ್ಗವಿಲ್ಲವೆಂದಲ್ಲ. ನಿಮ್ಹಾನ್ಸ್ ಸಂಸ್ಥೆಯು ೧೯೮೫ರಿಂದ, ಆಗ ನಮ್ಮ ನೆರೆಯದಾಗಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತು ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ರೋಗಿಯ ಊರಿಗೆ ಒಯ್ಯಬಹುದೆಂದು ತೋರಿಸಿತು. ಮುಂದೆ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ ಹಲವು ವರ್ಷ ಇಲ್ಲಿದ್ದ ಹರಪನಹಳ್ಳಿ ತಾಲ್ಲೂಕು ಆಗ ಬಳ್ಳಾರಿಗೇ ಸೇರಿತ್ತು. ಆ 'ಬಳ್ಳಾರಿ ಮಾದರಿ'ಯೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ೨೦೨೨ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯು ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಮಿದುಳಿನ ಬೇನೆಗಳಿಗೆ ಚಿಕಿತ್ಸಾಲಯಗಳನ್ನು ತೆರೆಯುವ ಉದ್ದೇಶದ್ದು. ೧೯೬೫ರಲ್ಲಿ ಸ್ಥಾಪಿತವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ೨೦೦೬ರಲ್ಲಿ ಸ್ಥಾಪಿತವಾದ ಎಸ್.ಎಸ್. ವೈದ್ಯಕೀಯ ಸಂಸ್ಥೆಯೂ ನಮ್ಮ ಊರಿನಲ್ಲಿವೆ. ಹೆಬ್ಬೆರಳಿನ ಅಳತೆಯಿಂದ ಪ್ರಮಾಣವನ್ನು ಹೊಂದಿಸಿ ಊರಿನಲ್ಲಿಯೇ ಕೊಡುವ ಸಾಧಾರಣ ಚಿಕಿತ್ಸೆಯು, ದೂರದಲ್ಲಿ ದೊರೆಯುವ ಅತಿ ಸೂಕ್ಷ್ಮ ಚಿಕಿತ್ಸೆಗಿಂತ ಹೆಚ್ಚು ಜನರಿಗೆ ಫಲ ಕೊಡಬಹುದೆ? ನಮ್ಮ ನಾಡಿನ ಸಂಶೋಧಕರು ಪರೀಕ್ಷಿಸಬೇಕಾದ ಪ್ರಶ್ನೆ ಇದೆಂದು ನಮ್ಮ ಅಭಿಪ್ರಾಯ.

೬

ಇಷ್ಟು ವಿಚಾರದಿಂದ ನಾವು ಮುಟ್ಟುವ ನಿರ್ಣಯವಿದು. ಮುಪ್ಪಿನ ದೇಹಕ್ಕೆ ತಕ್ಕಂತೆ ಪ್ರಚೋದನೆಯ ಪ್ರಮಾಣವನ್ನು ಬದಲಾಯಿಸಬೇಕೆಂಬ ತತ್ತ್ವ ಸರಿಯಾದುದು. ಮಿದುಳಿನ ಸೂಕ್ಷ್ಮಗಣನೆಯಿಂದ ಫಲ ಇನ್ನೂ ಹೆಚ್ಚುವುದೆಂಬುದು ಇದುವರೆಗೆ ಸಿದ್ಧವಾಗಿಲ್ಲ. ಮುಂದೆ ಸಿದ್ಧವಾದರೆ ಒಪ್ಪಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಆದರೆ ಮಿದುಳಿನ ಚಿತ್ರವನ್ನೇ ವ್ಯಕ್ತಿಯೆಂದು ತಿಳಿದು, ಅವನ ಇಚ್ಛೆ, ಭಾಷೆ, ಮನೆ, ದೂರ ಇವುಗಳನ್ನು ಲೆಕ್ಕದಿಂದ ಬಿಡುವುದಾದರೆ ಅದಕ್ಕೆ ವೈಯಕ್ತೀಕರಣವೆಂಬ ಹೆಸರು ಸಲ್ಲದು.

ನಮ್ಮ ವಿದ್ಯಾರ್ಥಿಗಳು ಇಂಥ ವರದಿಗಳನ್ನು ಇನ್ನು ಮುಂದೆ ಹೆಚ್ಚು ಹೆಚ್ಚಾಗಿ ಓದಬೇಕಾಗುವುದು. ಅವರ ಮನೆಯ ಹಿರಿಯರು ಅವರನ್ನು ಕೇಳುವರು. ಆಗ ಮೂರು ಪ್ರಶ್ನೆಗಳನ್ನು ಮರೆಯಬಾರದು. ಈ ಚಿಕಿತ್ಸೆಯನ್ನು ಯಾವುದರೊಡನೆ ಹೋಲಿಸಿದ್ದಾರೆ? ಯಾರ ಮೇಲೆ ಪ್ರಯೋಗಿಸಿದ್ದಾರೆ, ಅವರು ರೋಗಿಗಳೇ, ವೃದ್ಧರೇ? ಇದನ್ನು ಪಡೆಯಬೇಕಾದವರು ಎಲ್ಲಿದ್ದಾರೆ, ಅವರ ಇಚ್ಛೆಯೇನು?

ನಮ್ಮ ನೆರೆಯವರಿಗೆ ನಾವು ಕೊಟ್ಟ ಉತ್ತರವನ್ನೂ ಹೇಳಿ ಮುಗಿಸುತ್ತೇವೆ. ಆ ವರದಿಯೊಂದನ್ನೇ ನಂಬಿ ಹೊರಡುವುದು ಬೇಡವೆಂದೂ, ಥೈರಾಯಿಡ್ ಗ್ರಂಥಿಯ ದೋಷ, ಬಿ೧೨ ಜೀವಸತ್ತ್ವದ ಕೊರತೆ, ಖಿನ್ನತೆ, ಕಿವಿ ಮಂದವಾಗಿರುವುದು ಇವೂ ಮರೆವಿನಂತೆ ಕಾಣಬಹುದಾದುದರಿಂದ ಮೊದಲು ಇಲ್ಲಿಯ ವೈದ್ಯರಲ್ಲಿಯೇ ಅವುಗಳನ್ನು ಪರೀಕ್ಷಿಸಿಕೊಳ್ಳಬೇಕೆಂದೂ ಹೇಳಿದೆವು. ಆಮೇಲೆ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ತಡವಾಗಿಯಾದರೂ ಮಾಡಿದೆವು. ಆ ತಾಯಿಯನ್ನೇ ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಪರೀಕ್ಷೆ ಮಾಡಿಸಿಕೊಳ್ಳಲು ತಮ್ಮ ಅಡ್ಡಿಯಿಲ್ಲವೆಂದೂ, ಆದರೆ ರಾತ್ರಿ ತಮ್ಮ ಮನೆಯಲ್ಲಿಯೇ ಮಲಗಬೇಕೆಂದೂ ಹೇಳಿದರು. ಯಾವ ಚಿಕಿತ್ಸೆಯನ್ನು ಹೊಂದಿಸುವುದಾದರೂ ಆ ಮಾತಿನಿಂದಲೇ ಆರಂಭಿಸಬೇಕಾಗಿದೆ.